ಸೈಡು ಕೊಟ್ಟ ಕೈ

ಬಲಗಡೆಯ ಕನ್ನಡಿಯಲ್ಲಿ ಏನೋ ಫಳಕ್ಕನೆ ಹೊಳೆದು ಹೋಯಿತು, ಹಾಲಿನ ಕ್ಯಾನು, ಅಲ್ಲ, ಕ್ಯಾನಲ್ಲ, ಯಾರದೋ ಹೊಲದ ಮೋಟಾರು ಮನೆಯ ತಗಡು, ಬೆಳಗಿನ ಬಿಸಿಲು ಬಿದ್ದರೆ ತಗಡೂ ಕ್ಯಾನಿನ ಹಾಗೆಯೇ ಹೊಳೆಯುತ್ತದೆ, ಮೂರು ದಿನದಿಂದ ಪರಮೇಶಪ್ಪನಿಗೆ ಹೊಳೆಯುವುದೆಲ್ಲ ಕ್ಯಾನೇ — ಕನ್ನಡಿ ನೋಡು, ಮುಂದೆ ನೋಡು, ಎಂಟು ಎಣಿಸು, ಮತ್ತೆ ಕನ್ನಡಿ ನೋಡು. ಮುಂದೆ ಮೇವು ಹೇರಿದ ಟ್ರ್ಯಾಕ್ಟರು, ಹಿಂದಿನ ದೀಪ ಇಲ್ಲ, ಎಂದೂ ಇರುವುದಿಲ್ಲ, ನಾಲ್ಕು ಸೆಕೆಂಡು ದೂರ ಬಿಡು, ಕಾಲು ಬ್ರೇಕಿನ ಮೇಲಿರಲಿ, ಒತ್ತಬೇಡ, ಸುಮ್ಮನೆ ಇರಲಿ. ಚಿಕ್ಕೇರೂರು ಬಿಟ್ಟಾಗ ಎಂಟು ಹತ್ತು, ಹಿರೇಕೆರೂರಿನ ಶಾಲೆಯ ಗೇಟಿಗೆ ಎಂಟು ಐವತ್ತು, ಹತ್ತೂವರೆಗೆ ಪೊಲೀಸ್ ಸ್ಟೇಶನ್ನು, ಒಂದು ಸಹಿ. ಸಹಿ ಮಾಡಿದರೆ ಮುಗಿಯಿತು ಎಂದಿದ್ದಾರೆ ಶಾಲೆಯ ಮ್ಯಾನೇಜರು ಮಧ್ವೇಶ, ಎರಡು ಹಾಳೆ, ಟೈಪು ಮಾಡಿದ್ದು, ಓದಿ ಸಹಿ ಮಾಡ್ರಿ ಪರಮೇಶಪ್ಪ, ಓದಲಿಲ್ಲಾಂದ್ರೂ ನಡೀತದ, ಇರೋದನ್ನ ಬರಸೇವಿ. ಅವನು ಓದಿದ. ಎರಡನೆಯ ಹಾಳೆಯ ಮೂರನೆಯ ಸಾಲು, ಸದರಿ ಬೈಕ್ ಸವಾರನು ಯಾರ ಸೂಚನೆಯೂ ಇಲ್ಲದೆ ತಾನಾಗಿಯೇ ಅತಿವೇಗದಿಂದ ಬಸ್ಸನ್ನು ದಾಟಲು ಬಂದು. ತಾನಾಗಿಯೇ. ಇವತ್ತು ಬಸ್ಸಿನಲ್ಲಿ ಇಪ್ಪತ್ತೊಂಬತ್ತು ಮಕ್ಕಳು, ಮೊನ್ನೆಯ ತನಕ ಮೂವತ್ತು, ಮೂವತ್ತನೆಯವಳು ಅಂಕಿತಾ, ಎರಡನೆಯ ತರಗತಿ, ದಾವಣಗೆರೆಯ ಆಸ್ಪತ್ರೆಯಲ್ಲಿ ತೊಡೆಯ ಎಲುಬಿಗೆ ರಾಡು ಹಾಕಿಸಿಕೊಂಡು ಮಲಗಿದ್ದಾಳೆ, ಬದುಕಿದ್ದಾಳೆ, ಮಾತಾಡುತ್ತಾಳೆ, ನಡೆಯುತ್ತಾಳೆ ಅಂದಿದ್ದಾರೆ ಡಾಕ್ಟರು, ಆರು ತಿಂಗಳು ಹಿಡಿಯಬಹುದು. ಟ್ರ್ಯಾಕ್ಟರು ಎಡಕ್ಕೆ ಹೊಲಕ್ಕಿಳಿಯಿತು. ರಸ್ತೆ ಖಾಲಿ. ಈಗ ಖಾಲಿ ರಸ್ತೆ ಕಂಡರೇ ಅವನಿಗೆ ಹೆದರಿಕೆ.

ಹಿಂದಿನ ಸೀಟಿನಲ್ಲಿ ಜಗಳ ಶುರುವಾಗಿದೆ, ಏ ಅಲ್ಲಿ ಕುಂದರಬ್ಯಾಡ, ಅದು ಅಂಕಿತಾಂದು, ಯಾಕ, ಅಕಿ ಹೆಸರೇನ ಬರದೈತೇನ ಅದರ ಮ್ಯಾಲ, ಹೌದು ಬರದೈತಿ, ನೋಡಿಲ್ಲೆ, ಪೆನ್ನಿಲೆ ಬರದಾಳ. ಆಯಾ ಸರೋಜವ್ವ ಕಂಬಿ ಹಿಡಿದು ಎದ್ದು ನಿಂತಳು, ಐಶ್ವರ್ಯಾ, ಬಾಯಿ ಮುಚ್ಚು, ಎಲ್ಯರ ಕುಂದರು, ಸೀಟೇನ ನಿಮ್ಮ ಮುತ್ಯಾ ತಂದಿಟ್ಟಾನೇನ. ಮೊದಲು ಅವಳು ಮಕ್ಕಳಿಗೆ ಹೀಗೆ ಒದರುತ್ತಿರಲಿಲ್ಲ. ಬಂದು ತನ್ನ ಮುಂದಿನ ಸೀಟಿನಲ್ಲಿ ಕೂತಳು, ಮಂಡಿ ನೀವಿಕೊಂಡಳು, ದನಿ ಇಳಿಸಿದಳು. ಪರಮೇಶಣ್ಣಾ, ನಿನ್ನಿ ಹೇಳಿದ್ದು ನೆನಪೈತಿಲ್ರಿ. ನಾ ಕೆಳಗ ಇಳದು ಹುಡುಗಿ ಕೈ ಹಿಡಕೊಂಡಿದ್ದೆ, ಅವ ಬಂದು ಬಡದ, ಕೈ ಬಿಡ್ತು. ನೀವು ಅದನ್ನ ಹೇಳ್ರಿ. ಆ ಬೈಕಿನಾಂವಗ ಹೋಗು ಅಂತ ನೀವು ಕೈ ಮಾಡಿದ್ದು ನಾ ನೋಡಿಲ್ಲ. ನೋಡಿಲ್ಲ ಎನ್ನುವಾಗ ಅವಳು ರಸ್ತೆಯನ್ನು ನೋಡುತ್ತಿದ್ದಳು. ಅವಳು ಇಳಿದಿರಲಿಲ್ಲ. ಆಯಾ ಮೊದಲು ಇಳಿಯಬೇಕು, ಮಗುವಿನ ಕೈ ಹಿಡಿದು, ಬಸ್ಸಿನ ಮುಂದೆ ಹತ್ತು ಹೆಜ್ಜೆ ದೂರ ಹೋಗಿ, ಡ್ರೈವರಿನ ಮುಖ ನೋಡಿ ದಾಟಿಸಬೇಕು, ಅದು ನಿಯಮ, ದಿನಾ ಅವಳು ಹಾಗೆಯೇ ಮಾಡುತ್ತಿದ್ದಳು, ಮಂಡಿ ನೋವಿದ್ದರೂ ಮಾಡುತ್ತಿದ್ದಳು. ಮೊನ್ನೆ ಹಿಂದಿನ ಸೀಟಿನಲ್ಲಿ ಒಬ್ಬ ವಾಂತಿ ಮಾಡಿಕೊಂಡಿದ್ದ, ಅವನ ಅಂಗಿ ಒರೆಸುತ್ತ ಅಲ್ಲಿಂದಲೇ ಕೂಗಿದಳು, ಅಂಕಿತಾ, ಸಾವಕಾಶ ಇಳಕೊಂಡು ಹೋಗವಾ. ಬಸ್ಸಿನಲ್ಲಿ ಕ್ಯಾಮೆರಾ ಒಂದಿದೆ, ತಪಾಸಣೆಗೆ ತೋರಿಸಲು, ಜೂನ್ ತಿಂಗಳಿನಿಂದ ಅದರ ವೈರು ಜೋತಾಡುತ್ತಿದೆ. ಹಾಗಾಗಿ ಸರೋಜವ್ವ ಇಳಿಯಲಿಲ್ಲ ಎಂಬುದು ಅವನಿಗೆ ಗೊತ್ತು, ಅವನು ಕೈ ಮಾಡಿದ ಎಂಬುದು ಅವಳಿಗೆ ಗೊತ್ತು, ನೀವು ನನ್ನದು ಹೇಳಬ್ಯಾಡ್ರಿ, ನಾ ನಿಮ್ಮದು ಹೇಳಂಗಿಲ್ಲ, ಇಬ್ಬರಿಗೂ ಗಂಜಿ ಉಳೀತದ. ಮೂರನೆಯವನಿಗೂ ಗೊತ್ತು. ಮೂರನೆಯವನ ದವಡೆ ಮುರಿದಿದೆ.

ಕನ್ನಡಿ. ಒಂದು ಬೈಕು, ಇಬ್ಬರು, ದೂರ ಇದ್ದಾರೆ. ಮೊನ್ನೆ ಸಂಜೆ ನಾಲ್ಕು ನಲವತ್ತು ಅದು, ಸಂಜೆ ಬಸ್ಸಿನ ಮುಖ ಚಿಕ್ಕೇರೂರಿನ ಕಡೆ, ಅಂಕಿತಾಳ ಹೊಲಮನೆಯ ಗೇಟು ಆಗ ಬಲಕ್ಕೆ ಬೀಳುತ್ತದೆ, ಎಡಗಡೆಯ ಬಾಗಿಲಿನಿಂದ ಇಳಿದು ಬಸ್ಸಿನ ಮುಂದಿನಿಂದ ರಸ್ತೆ ದಾಟಬೇಕು ಅವಳು. ರಸ್ತೆಯ ಎಡ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು, ಸುಗ್ಗಿ ಬಂತೆಂದರೆ ಇಲ್ಲಿ ಡಾಂಬರು ರಸ್ತೆಯೇ ಕಣ, ಉದ್ದಕ್ಕೂ ಹಳದಿ ಹಾಸು, ಮೇಲೆ ಯಾರೂ ಗಾಡಿ ಹಾಯಿಸಬಾರದೆಂದು ಅಂಚಿಗೆ ತಲೆಗಾತ್ರದ ಕಲ್ಲು. ಬಸ್ಸು ಕಲ್ಲಿನ ಪಕ್ಕದಲ್ಲಿ, ಅಂದರೆ ರಸ್ತೆಯ ನಡುವೆಯೇ ನಿಲ್ಲಬೇಕಾಯಿತು. ಹಿಂದೆ ಪೀಂ ಪೀಂ. ಉಳಿವೆಪ್ಪ. ಬೈಕಿನ ಎರಡೂ ಮಗ್ಗುಲಿಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಹಾಲು ಒಯ್ಯುವವನು, ಐದಕ್ಕೆ ಡೇರಿಯವರು ಹಾಲು ತೆಗೆದುಕೊಳ್ಳುವುದು ನಿಲ್ಲಿಸುತ್ತಾರೆ, ದಿನಾ ಎಲ್ಲಾದರೊಂದು ಕಡೆ ಅವನು ಬಸ್ಸಿನ ಹಿಂದೆ ಬಂದು ಎರಡು ಸಲ ಹಾರ್ನು ಹೊಡೆಯುತ್ತಾನೆ, ದಿನಾ ಪರಮೇಶಪ್ಪ ಕಿಟಕಿಯಿಂದ ಬಲಗೈ ಹೊರಗೆ ಹಾಕಿ ನಾಲ್ಕು ಬೆರಳು ಮುಂದಕ್ಕೆ ಮಡಚಿ ಬಿಚ್ಚಿ ಮಡಚುತ್ತಾನೆ, ಹೋಗು, ಹೋಗು, ಮುಂದೆ ಖಾಲಿ ಇದೆ, ದಾಟುವಾಗ ಉಳಿವೆಪ್ಪ ಒಂದು ಮಾತು ಎಸೆದು ಹೋಗುತ್ತಾನೆ, ಅಣ್ಣಾ ನಿಮ್ಮ ಬಸ್ಸಿಗಿಂತ ನಮ್ಮ ಎಮ್ಮಿ ಜೋರ ಓಡತೈತ್ರಿ. ಮೊನ್ನೆಯೂ ಮುಂದೆ ಖಾಲಿ ಇತ್ತು. ನೋಡದೆ ಎಂದೂ ಕೈ ಮಾಡಿದವನಲ್ಲ ಪರಮೇಶಪ್ಪ, ಅರ್ಧ ಮೈಲು ದೂರದ ಹುಣಸೆಮರದ ತನಕ ನೋಡಿದ, ಒಂದು ನಾಯಿಯೂ ಇರಲಿಲ್ಲ, ಅಷ್ಟು ದೂರ ನೋಡಿದ ಕಣ್ಣು ಬಂಪರಿನ ಮುಂದಿನ ನಾಲ್ಕು ಹೆಜ್ಜೆ ನೋಡಲಿಲ್ಲ. ಏಳು ವರ್ಷದ ಹುಡುಗಿ ಅಲ್ಲಿ ನಿಂತರೆ ಡ್ರೈವರಿನ ಪಾಲಿಗೆ ಅವಳು ಇಲ್ಲವೇ ಇಲ್ಲ, ಅದಕ್ಕೆಂದೇ ಮುಂದೆ ಒಂದು ಗುಂಡು ಕನ್ನಡಿ ಕೂರಿಸಿದ್ದಾರೆ, ಅದನ್ನು ಅವನೇ ದಿನಾ ಬೆಳಿಗ್ಗೆ ಒರೆಸುತ್ತಾನೆ, ಅದನ್ನು ನೋಡಲಿಲ್ಲ. ಕೈ ಹೊರಗೆ ಹೋಯಿತು. ಬೈಕು ಬಲಕ್ಕೆ ಬಂತು. ಬಂಪರಿನ ಬಲ ಮೂಲೆಯಿಂದ ಒಂದು ಕೆಂಪು ರಿಬ್ಬನ್ನು ಹೊರಟಿತು. ಉಳಿವೆಪ್ಪ ಬ್ರೇಕು ಹಾಕಿದ, ಹಾಕಿದ್ದನ್ನು ಕಂಡಿದ್ದಾನೆ, ರಸ್ತೆಯ ಈಚೆಗೆಲ್ಲ ಚೆಲ್ಲಿದ್ದ ಕಾಳಿನ ಮೇಲೆ ಗಾಲಿ ನಿಲ್ಲಲಿಲ್ಲ, ಬೈಕು ಅಡ್ಡ ಬಿದ್ದು ಜಾರಿಕೊಂಡೇ ಹೋಯಿತು, ಸದ್ದು ದೊಡ್ಡದೇನಲ್ಲ, ಚೀಲ ಇಳಿಸಿದಂತೆ. ಆಮೇಲೆ ಹಾಲು. ಹೊಲಗಳಿಂದ ಜನ ಓಡಿ ಬಂದರು, ಏನಾತ್ರಿ ಡ್ರೈವರ್ ಸಾಹೇಬ್ರ, ಹೆಂಗಾತು, ಯಾರದು ತಪ್ಪು, ಅವನ ಬಾಯಿಂದ ಬಂದದ್ದು ಮೂರು ಮಾತು, ಜೋರ ಬಂದಾನ್ರಿ ಅವ. ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಬಂತು. ಎರಡು ಕ್ಯಾನು ತುಂಬ ಹಾಲು ಇಟ್ಟುಕೊಂಡವನು ಜೋರು ಬರುವುದು ಹೇಗೆ ಎಂದು ಒಬ್ಬನೂ ಕೇಳಲಿಲ್ಲ, ಬಿದ್ದವನು ಎದ್ದು ನಿಲ್ಲುವಷ್ಟರಲ್ಲಿ ಅವನ ಮೇಲೆ ಹತ್ತು ಜನ, ಚಪ್ಪಲಿ, ಕೈ, ಕಾಳಿನ ಅಂಚಿಗಿಟ್ಟಿದ್ದ ಒಂದು ಕಲ್ಲು, ಆ ಗದ್ದಲದ ಅಡಿಯಿಂದ ಉಳಿವೆಪ್ಪ ಹೇಳುತ್ತಿದ್ದ, ಅಣ್ಣಾರು ಕೈ ಮಾಡಿದ್ರು, ಕೇಳ್ರಿ ಅವರನ್ನ, ಅಣ್ಣಾರ ಕೈ ಮಾಡಿದ್ರು. ಯಾರಿಗೂ ಕೇಳಲಿಲ್ಲ. ಪರಮೇಶಪ್ಪನಿಗೆ ಕೇಳಿತು. ಅವನು ಅಂಕಿತಾಳನ್ನು ಎತ್ತಿಕೊಂಡು ನಿಂತಿದ್ದ, ಹುಡುಗಿಯನ್ನು ಎತ್ತಿಕೊಂಡವನನ್ನು ಯಾರು ಕೇಳುತ್ತಾರೆ.

ಮುಂದೆ ಸರ್ಕಾರಿ ಬಸ್ಸು, ಎದುರಿಗೆ, ನಡುರಸ್ತೆಯಲ್ಲೇ ಬರುತ್ತಿದೆ, ಎಡಕ್ಕೆ ನೋಡು, ಎಡಕ್ಕೆ ಎರಡು ಕಲ್ಲು, ಕಾಳು ತುಂಬಿಕೊಂಡು ಹೋದವರು ಕಲ್ಲನ್ನು ಅಲ್ಲೇ ಬಿಟ್ಟು ಹೋಗಿದ್ದಾರೆ, ಕಲ್ಲಿಗೂ ಬಸ್ಸಿಗೂ ನಡುವೆ ನೀನು ತೂರಬಹುದು, ತೂರಬೇಡ, ಕಲ್ಲಿಗಿಂತ ಹಿಂದೆಯೇ ನಿಲ್ಲು, ಅವನು ಹೋಗಲಿ. ನಿಂತ. ಮಕ್ಕಳು ಮುಂದಕ್ಕೆ ವಾಲಲೂ ಇಲ್ಲ, ಅಷ್ಟು ಮೆತ್ತಗೆ. ಸರ್ಕಾರಿ ಬಸ್ಸು ಕನ್ನಡಿಗೆ ಗೇಣು ಬಿಟ್ಟು ಹೋಯಿತು. ಎಲ್ಲರೂ ಹುಚ್ಚರು ಅಂತ ತಿಳಕೊಂಡು ಗಾಡಿ ಹೊಡೀರಿ — ಪದ್ಮಜಾ ಮೇಡಂ, ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು, ಹೇಳಿದ್ದು, ಶಿಗ್ಗಾವಿಯ ಒಂದು ಕಲ್ಯಾಣ ಮಂಟಪದಲ್ಲಿ, ಜೂನ್ ತಿಂಗಳ ತರಬೇತಿಯಲ್ಲಿ, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಶಾಲಾ ಬಸ್ಸಿನ ಡ್ರೈವರುಗಳು, ಎಂಬತ್ತು ಜನ, ಎದುರಿಗೆ ಬರಾಂವ ಕುಡದಾನ, ಬಾಜೂದಾಂವ ಫೋನಿನ್ಯಾಗ ಅದಾನ, ಎಮ್ಮಿಗೆ ಕಿವಿ ಕೇಳಂಗಿಲ್ಲ, ಹಂಗ ತಿಳಕೋರಿ. ಹಾನಗಲ್ಲಿನವನೊಬ್ಬ ಎದ್ದು, ನಮ್ಮ ಮಾಲಕರನ್ನ ಏನಂತ ತಿಳಕೋಬೇಕ್ರಿ ಮೇಡಂ, ಅಂದ, ಮಂಟಪಕ್ಕೆ ಮಂಟಪವೇ ನಕ್ಕಿತು. ಹಿಂದಿನ ಗಾಡಿಗೆ ಕೈ ಮಾಡಬ್ಯಾಡ್ರಿ ಅಂದಾಗಲೂ ನಕ್ಕರು. ಮೇಡಂ, ಸೈಡ ಕೊಡಲಿಲ್ಲಾಂದ್ರ ಹಾರ್ನ ಹೊಡದು ತಲಿ ತಿಂತಾರ್ರಿ. ತಿನ್ನಲಿ ಬಿಡ್ರಿ. ಜಾಗಾ ಬಿಡ್ರಿ, ಕೈ ಮಾಡಬ್ಯಾಡ್ರಿ, ನೀವು ಕೈ ಮಾಡಿದ್ರ ಆ ಗಾಡಿಗೆ ನೀವ ಡ್ರೈವರ. ಪರಮೇಶಪ್ಪನೂ ನಕ್ಕಿದ್ದ, ನಕ್ಕು ಬರೆದುಕೊಂಡಿದ್ದ, ಕೊನೆಯಲ್ಲಿ ಪರೀಕ್ಷೆ ಕೊಟ್ಟರು, ಐವತ್ತಕ್ಕೆ ನಲವತ್ತೇಳು, ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಶಾಲೆಯ ಆಫೀಸಿನಲ್ಲಿ ತೂಗುಬಿಟ್ಟಿದ್ದಾರೆ ಮಧ್ವೇಶ. ಆದರೆ ಕೈಗೆ ಪಾಠ ಹೇಳಿದವನು ಬೇರೆ, ಸವಣೂರಿನ ಅಕ್ಬರಸಾಬ, ಇಪ್ಪತ್ತಾರು ವರ್ಷದ ಹಿಂದೆ ಲಾರಿ ಕಲಿಸಿದ ಉಸ್ತಾದ, ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡು ಘಾಟಿಗೆ ಸೀನುತ್ತ ಹೋಗುವಾಗ ಹೇಳುತ್ತಿದ್ದ, ಪರಮ್ಯಾ, ಹಾರ್ನ ದನಕ್ಕ, ಮನಷ್ಯಾಗ ಕೈ. ಹಿಂದಿನಾಂವಗ ಮುಂದಿಂದು ಕಾಣಂಗಿಲ್ಲ, ನಿನಗ ಕಾಣತೈತಿ, ಕಂಡದ್ದು ಹೇಳಲಿಲ್ಲಾಂದ್ರ ನೀ ಎಂಥಾ ಡ್ರೈವರಲೇ ಮಗನ. ಅದು ಮರ್ಯಾದೆ. ಕೈ ಮಾಡದವನನ್ನು ಈ ರಸ್ತೆಯಲ್ಲಿ ಸೊಕ್ಕಿನವನು ಅನ್ನುತ್ತಾರೆ. ಇಪ್ಪತ್ತಾರು ವರ್ಷ ಕೈ ಮಾಡಿದ್ದಾನೆ, ಲಾರಿಗಳಿಗೆ, ಕಾರುಗಳಿಗೆ, ಮದುವೆಯ ಟೆಂಪೋಗಳಿಗೆ, ಎಲ್ಲರೂ ಅವನ ಕೈ ನಂಬಿ ಕಣ್ಣು ಮುಚ್ಚಿಕೊಂಡು ದಾಟಿ ಹೋಗಿದ್ದಾರೆ, ಎಲ್ಲರೂ ಮನೆ ಮುಟ್ಟಿದ್ದಾರೆ, ಹಾಗಂತ ತಿಳಿದಿದ್ದ.

ಅಬಲೂರಿನ ಹುಡುಗರಿಬ್ಬರು ಬೇರೆ ಬಸ್ಸಿಗೆ ಹೋಗುತ್ತಾರಂತೆ ನಾಳೆಯಿಂದ, ನಿನ್ನೆ ಶಾಲೆಯ ಆಫೀಸಿಗೆ ಅವರ ಅಪ್ಪ ಫೋನು ಮಾಡಿದ್ದ, ಮಧ್ವೇಶ ಅವನಿಗೆ ಹೇಳಿದ್ದು ಕೇಳಿಸಿತು, ನಮ್ಮ ಡ್ರೈವರ್ದು ಏನೂ ತಪ್ಪಿಲ್ಲರೀ, ನಾಲ್ಕು ತಾಲೂಕಿನ್ಯಾಗ ಹಿಂಥಾ ಡ್ರೈವರ್ ಸಿಗಂಗಿಲ್ಲ. ಫೋನಿಟ್ಟು ಇತ್ತ ತಿರುಗಿದರು. ಪರಮೇಶಪ್ಪ, ಆ ಹಾಲಿನಾಂವ ಏನೋ ಅಂತಾನಂತ, ಕೈ ಅಂತ, ಗೀ ಅಂತ. ನಾ ನಿಮ್ಮನ್ನ ಕೇಳಂಗಿಲ್ಲ. ಕೇಳಿದ್ರ ನೀವು ಹೇಳಬೇಕಾಗ್ತದ, ಹೇಳಿದ್ರ ನಾ ಕೇಳಿಸಿಕೊಂಡಂಗ ಆಗ್ತದ. ಒಳ್ಳೆಯ ಮನುಷ್ಯ, ಚಹಾ ತರಿಸಿದರು, ತಾವೇ ಪೆನ್ನು ಮುಚ್ಚಿಟ್ಟರು, ಇವತ್ತ ಬ್ಯಾಡ, ಸ್ಟೇಶನ್ನಿನ್ಯಾಗ ಅವರ ಮುಂದ ಮಾಡ್ರಿ. ಹತ್ತೂವರೆ. ಸಹಿ ಹಾಕಿದರೆ ಉಳಿವೆಪ್ಪನ ಮೇಲೆ ಕೇಸು ನಿಲ್ಲುತ್ತದೆ, ಈಗಾಗಲೇ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಒಬ್ಬ ಪೊಲೀಸಿನವನನ್ನು ಕೂರಿಸಿದ್ದಾರೆ. ಹಾಕದಿದ್ದರೆ, ನಾ ಕೈ ಮಾಡಿದ್ದೆ ಅಂದರೆ, ಬ್ಯಾಡ್ಜು ಹೋಗುತ್ತದೆ, ಲೈಸೆನ್ಸು ಹೋಗುತ್ತದೆ, ಸರೋಜವ್ವನ ಕೆಲಸವೂ ಜೊತೆಗೇ ಹೋಗುತ್ತದೆ, ನಲವತ್ತೆಂಟನೆಯ ವಯಸ್ಸಿನಲ್ಲಿ ಸ್ಟೇರಿಂಗು ಬಿಟ್ಟು ಈ ಕೈಗೆ ಇನ್ನೇನು ಬರುತ್ತದೆ, ಒಂದು ಗುದ್ದಲಿ ಹಿಡಿದು ಗೊತ್ತಿಲ್ಲ. ಅಂಕಿತಾಳ ಅಪ್ಪ ಇದ್ದಾನಲ್ಲ, ಆ ಕಲ್ಲು ಎತ್ತಿದ್ದು ಅವನೇ. ಕೈ ಮಾಡಿದ್ದು ನಾನು ಅಂದರೆ ಅವನು ಮತ್ತೊಂದು ಕಲ್ಲು ಎತ್ತುತ್ತಾನೆ. ನಿನ್ನೆ ಮನೆಯಲ್ಲಿ ಹೇಳೋಣವೆಂದು ಬಾಯಿ ತೆರೆದ, ಸುಜಾತಾ ಮೊದಲೇ ಕೇಳಿದಳು, ಊಟ ಯಾಕ ಒಲ್ಲೆ ಅಂತೀರಿ, ಆ ಹಾಲಿನಾಂವ ಮಾಡಿದ ತಪ್ಪಿಗೆ ನೀವ್ಯಾಕ ಉಪಾಸ ಇರ್ತೀರಿ, ಅವನು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಹೇಳು, ಈಗ ಹೇಳಿ ನೋಡು, ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ, ನಾ ಕೈ ಮಾಡಿದ್ದೆ. ತುಟಿ ಅಲುಗಿತು. ಸರೋಜವ್ವ ಚಕ್ಕನೆ ತಿರುಗಿದಳು, ಏನಂದ್ರಿ ಅಣ್ಣಾ. ಏನಿಲ್ಲ.

ತಿರುವು. ತಿರುವಿನ ಆಚೆ ಏನಿದೆಯೋ ಕಾಣದು, ಕಾಣದಲ್ಲಿ ಏನೋ ಇದೆ ಎಂದೇ ತಿಳಿ, ಮೂರನೆಯ ಗೇರು, ಎರಡನೆಯದು. ಇತ್ತು. ನಡುರಸ್ತೆಯಲ್ಲಿ ಒಬ್ಬ ಹೆಂಗಸು, ತಲೆಯ ಮೇಲೆ ಸೆರಗು, ಕೈ ಎತ್ತಿ ನಿಂತಿದ್ದಾಳೆ. ಹದಿನೈದು ಹೆಜ್ಜೆ ಇರುವಾಗಲೇ ಬಸ್ಸು ನಿಂತಿತು. ಉಳಿವೆಪ್ಪನ ಹೇಂತಿ, ವೀರವ್ವ, ನಿಂದರಬ್ಯಾಡ್ರಿ ಅಣ್ಣಾ, ಬಾಜೂ ತಗೊಂಡು ಹೊಂಡ್ರಿ — ಸರೋಜವ್ವ ಕಂಬಿ ಹಿಡಿದು ಎದ್ದಿದ್ದಾಳೆ, ಬಾಜೂ ಎಲ್ಲಿದೆ, ಎಡಕ್ಕೆ ತಾಡಪತ್ರಿ ಮುಚ್ಚಿದ ಗೋವಿನಜೋಳದ ರಾಶಿ ಉದ್ದಕ್ಕೂ ಮಲಗಿದೆ. ವೀರವ್ವ ನಡೆದು ಬಂದಳು, ಬಂಪರಿನ ಬಲ ಮೂಲೆಗೆ ಬಂದು ನಿಂತಳು, ಗಾಜಿನೊಳಗಿನ ಅವನನ್ನು ತಲೆ ಎತ್ತಿ ನೋಡಿದಳು, ಬೈಯಲು ಬಂದವಳ ಮುಖವಲ್ಲ. ಅಣ್ಣಾ, ಒಂದ ಮಾತ ಕೇಳ್ತೇನಿ, ಹೂಂ ಅನ್ರಿ ಇಲ್ಲಾ ಊಹೂಂ ಅನ್ರಿ. ಅವರ ದವಡಿಗೆ ತಂತಿ ಕಟ್ಯಾರ, ಮಾತ ಬರವಲ್ದು, ಮಗನ ಪಾಟಿ ತಗೊಂಡು ಬರದು ತೋರಸ್ಯಾರ, ಬಸ್ಸಿನ ಅಣ್ಣಾರು ಕೈ ಮಾಡಿದ್ರು ಅಂತ. ಪೊಲೀಸ್ರು ಸುಳ್ಳು ಅಂತಾರ. ಅತ್ತಿ ಸುಳ್ಳು ಅಂತಾಳ. ನನಗೂ ಸುಳ್ಳು ಅನಸಾಕತ್ತೈತ್ರಿ, ಮತ್ತ ನೀವು ಅಂಥಾವ್ರಲ್ಲ, ನಿಮ್ಮನ್ನ ಎಲ್ಲಾರೂ ಛಲೋ ಅಂತಾರ. ನೀವು ಕೈ ಮಾಡಿದ್ರನ್ರಿ? ಸರೋಜವ್ವ ಕಿಟಕಿಗೆ ಬಾಗಿ, ಏ ವೀರವ್ವ, ಅತ್ಲಾಗ ಸರಿ, ಮಕ್ಕಳಿಗೆ ಪ್ರಾರ್ಥನಾಕ್ಕ ಹೊತ್ತಾತು. ನಿನ್ನ ಕೇಳಿಲ್ಲಬೇ ಯಕ್ಕಾ, ನಾ ಅಣ್ಣಾರನ್ನ ಕೇಳಾಕತ್ತೇನಿ. ಹೂಂ. ಊಹೂಂ. ಒಂದೊಂದೇ ಉಸಿರು. ಹೂಂ ಅಂದುಬಿಡು, ಇಲ್ಲಿ ಅಂದರೆ ಅಲ್ಲಿ ಸ್ಟೇಶನ್ನಿನಲ್ಲಿ ಅನ್ನುವುದು ಸುಲಭ, ಊಹೂಂ ಅಂದುಬಿಡು, ಅವಳೇ ನಂಬುತ್ತಿಲ್ಲ, ನಂಬದವಳಿಗೆ ಯಾಕೆ ನಂಬಿಸುತ್ತೀಯ, ಅವಳು ಆಸ್ಪತ್ರೆಗೆ ಹೋಗಿ ಗಂಡನಿಗೆ ಬೈಯುತ್ತಾಳೆ, ಮೂರು ದಿನ ಬೈಯುತ್ತಾಳೆ, ಆಮೇಲೆ — ಹಿಂದೆ ಹಾರ್ನು. ಕಾಳು ಒಯ್ಯುವ ಟೆಂಪೋ, ಎರಡು ಸಲ, ಮತ್ತೆ ಎರಡು ಸಲ. ಪರಮೇಶಪ್ಪ ಕಿಟಕಿಯಿಂದ ಮುಖ ಹೊರಹಾಕಿದ, ಇಲ್ಲ ತಂಗಿ, ಅಂದ, ಇಲ್ಲ ತಂಗಿ, ನಾ ಕೈ ಮಾಡಿಲ್ಲ.

ಅನ್ನುತ್ತಿರುವಾಗಲೇ ವೀರವ್ವನ ಕಣ್ಣು ಅವನ ಮುಖದಿಂದ ಜಾರಿತು, ಬಾಗಿಲಿನ ಕಡೆ, ಕೆಳಕ್ಕೆ, ಅಲ್ಲೇನಿದೆ ಎಂದು ಅವನೂ ನೋಡಿದ, ಕನ್ನಡಿಯ ಪಕ್ಕದಲ್ಲಿ ಬಿಸಿಲಿನಲ್ಲಿ ಒಂದು ಕೈ ಹೊರಗಿದೆ, ತುಂಬು ತೋಳಿನ ಖಾಕಿ, ನಾಲ್ಕು ಬೆರಳು ಮುಂದಕ್ಕೆ ಮಡಚುತ್ತಿವೆ, ಬಿಚ್ಚುತ್ತಿವೆ, ಹೋಗು, ಹೋಗು, ಮುಂದೆ ಖಾಲಿ ಇದೆ — ಟೆಂಪೋದ ಮೂತಿ ಆಗಲೇ ಬಲಕ್ಕೆ ಬಂದಿದೆ, ಅವಳು ನಿಂತಿರುವುದು ಆ ಮೂಲೆಯಲ್ಲೇ, ಸರಿ, ಸರಿಯವಾ, ಅವನು ಚೀರಿದ, ಅಂಗೈ ಅಗಲಿಸಿ ಹಿಂದಕ್ಕೆ ತಳ್ಳಿದ, ನಿಲ್ಲು ನಿಲ್ಲು, ಒಮ್ಮೆ ಹೋಗು ಅಂದ ಕೈಯನ್ನು ಯಾರು ಎರಡನೆಯ ಸಲ ನೋಡುತ್ತಾರೆ, ಟೆಂಪೋ ಬಂತು, ವೀರವ್ವ ಬಂಪರಿಗೆ ಬೆನ್ನು ಹಚ್ಚಿ ನಿಂತಳು, ಗಾಳಿಗೆ ಅವಳ ಸೆರಗು ತಲೆಯಿಂದ ಹಾರಿ ಟೆಂಪೋದ ಮಗ್ಗುಲಿಗೆ ಬಡಿಯಿತು, ಬಿಟ್ಟಿತು. ಹೋಯಿತು. ಟೆಂಪೋದವನು ಹೋಗುತ್ತ ಹೋಗುತ್ತ ಕಿಟಕಿಯಿಂದ ಕೈ ಎತ್ತಿದ, ಸೈಡು ಕೊಟ್ಟವರಿಗೆ ಎಲ್ಲರೂ ಎತ್ತುವಂತೆ. ಧೂಳು. ಸರೋಜವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ. ವೀರವ್ವ ಬಂಪರು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲಿಲ್ಲ, ಅವನನ್ನೇ ನೋಡುತ್ತ ತನ್ನ ಬಲಗೈ ಮೇಲೆತ್ತಿದಳು, ಗೊತ್ತಿಲ್ಲದ ಕೆಲಸವನ್ನು ಮೊದಲ ಸಲ ಮಾಡುವವಳಂತೆ ಮೆಲ್ಲಗೆ ಬೆರಳು ಮಡಚಿದಳು, ಹಿಂಗನ್ರಿ ಅಣ್ಣಾ? ಮತ್ತೆ ಬಿಚ್ಚಿದಳು, ಹಿಂಗ ಮಾಡಿದ್ರಿ? ಅವಳ ಕೈ ಅಲ್ಲೇ ಇದೆ, ಗಾಜಿನ ಆಚೆ, ಬಳೆ ಮೊಣಕೈಗೆ ಜಾರಿದೆ, ಬೆರಳು ಮಡಚುತ್ತವೆ, ಹತ್ತೂವರೆ, ಸಹಿ, ಬೆರಳು ಬಿಚ್ಚುತ್ತವೆ, ಮಧ್ವೇಶ, ಬ್ಯಾಡ್ಜು, ಮಡಚುತ್ತವೆ, ನಾಲ್ಕು ಬೆರಳು, ಮುಂದಕ್ಕೆ, ನಾಲ್ಕು ಬೆರಳು